ಸಿಂಕಿನ ಕೆಳಗೆ ಕನೆಕ್ಷನ್ ಪೈಪ್ ಸೋರುತ್ತಿದ್ದರೆ ಸರಿಪಡಿಸುವುದು ಹೇಗೆ

ಸಿಂಕಿನ ಕೆಳಗಿನ ಕಪಾಟಿನಲ್ಲಿ ನೀರು ಕಂಡ ಕೂಡಲೇ ಹೆಚ್ಚಿನವರು ಸ್ಪ್ಯಾನರ್ ಹಿಡಿದು ನಟ್ಟನ್ನು ಇನ್ನೊಂದು ಸುತ್ತು ಬಿಗಿಯುತ್ತಾರೆ. ಕೆಲವು ಸಲ ಸೋರಿಕೆ ನಿಲ್ಲುತ್ತದೆ. ಎಷ್ಟೋ ಸಲ ನಾಲ್ಕು ದಿನ ಬಿಟ್ಟು ಮತ್ತೆ ಶುರುವಾಗುತ್ತದೆ, ಅದೂ ಮೊದಲಿಗಿಂತ ಜೋರಾಗಿ. ಕನೆಕ್ಷನ್ ಪೈಪ್ ಎಂದರೆ ಗೋಡೆಯ ಕಾಕಿನಿಂದ ನಲ್ಲಿಗೆ ನೀರು ಒಯ್ಯುವ ಬಾಗುವ ಪೈಪ್. ಅದರ ಜಾಯಿಂಟಿನಲ್ಲಿ ನೀರನ್ನು ತಡೆಯುವುದು ನಟ್ಟಿನೊಳಗೆ ಕೂತಿರುವ ರಬ್ಬರ್ ವಾಷರ್. ವಾಷರನ್ನು ಎದುರಿನ ಲೋಹದ ಅಂಚಿಗೆ ಸಮವಾಗಿ ಒತ್ತಿ ಹಿಡಿಯುವುದಷ್ಟೇ ನಟ್ಟಿನ ಕೆಲಸ. ವಾಷರ್ ಕಲ್ಲಿನಂತಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಓರೆಯಾಗಿ ಕೂತಿದ್ದರೆ ಎಷ್ಟು ಬಿಗಿದರೂ ನೀರು ದಾರಿ ಮಾಡಿಕೊಳ್ಳುತ್ತದೆ. ಹಾಗಾಗಿ ಬಿಗಿಯುವ ಮೊದಲು ಬಿಚ್ಚಿ ನೋಡಬೇಕು.

ಸಣ್ಣ ಸೋರಿಕೆ ಎಂದು ಮುಂದೂಡುವುದೂ ಬೇಡ. ಸೆಕೆಂಡಿಗೆ ಒಂದು ತೊಟ್ಟು ಬೀಳುತ್ತಿದೆ ಎಂದುಕೊಳ್ಳಿ. ಇಪ್ಪತ್ತು ತೊಟ್ಟಿಗೆ ಒಂದು ಮಿಲಿಲೀಟರ್ ಎಂದು ಕಡಿಮೆ ಲೆಕ್ಕ ಹಿಡಿದರೂ ದಿನಕ್ಕೆ 4 ಲೀಟರ್ ದಾಟುತ್ತದೆ. ಪ್ಲೈವುಡ್ ಕಪಾಟಿನ ತಳ ಉಬ್ಬಿ ಪದರ ಬಿಡುವುದಕ್ಕೆ ಅದರ ಕಾಲು ಭಾಗ ಸಾಕು.

ಒದ್ದೆಯಾದ ಜಾಗವೆಲ್ಲ ಸೋರುವ ಜಾಗವಲ್ಲ

ನೀರು ಪೈಪಿನ ಮೈಯ ಮೇಲೆಯೇ ಇಳಿಯುತ್ತದೆ. ನಲ್ಲಿಯ ಬುಡದಲ್ಲಿ ಒಸರಿದ್ದು ಕೆಳಗಿನ ನಟ್ಟಿನ ಅಂಚಿಗೆ ಬಂದು ಅಲ್ಲಿಂದ ತೊಟ್ಟಿಕ್ಕುತ್ತದೆ. ನೋಡಿದವರು ಕೆಳಗಿನ ನಟ್ಟೇ ಕೆಟ್ಟಿದೆ ಎಂದುಕೊಂಡು, ಚೆನ್ನಾಗಿದ್ದ ಜಾಯಿಂಟನ್ನು ಬಿಚ್ಚಿ ಕೆಡಿಸುತ್ತಾರೆ. ನೀವು ಹುಡುಕಬೇಕಾದ್ದು ಒದ್ದೆಯಾಗಿರುವುದರಲ್ಲಿ ಎಲ್ಲಕ್ಕಿಂತ ಮೇಲಿನ ಜಾಗ.

ಕಪಾಟನ್ನು ಪೂರ್ತಿ ಖಾಲಿ ಮಾಡಿ. ಒಳಗೆ ವಾಟರ್ ಫಿಲ್ಟರ್ ಅಥವಾ ಸಣ್ಣ ಗೀಸರಿನ ಪ್ಲಗ್ ಇದ್ದು, ಅದರ ಸುತ್ತ ಒದ್ದೆಯಾಗಿದ್ದರೆ ಮೊದಲು ಆ ಲೈನಿನ ಕರೆಂಟನ್ನು ಮೇನ್ ಬೋರ್ಡಿನಲ್ಲೇ ಆಫ್ ಮಾಡಿ. ಒದ್ದೆ ಕೈಯಲ್ಲಿ ಪ್ಲಗ್ ಕೀಳಬೇಡಿ. ಆಮೇಲೆ ನಲ್ಲಿಯ ಬುಡದಿಂದ ಗೋಡೆಯವರೆಗೆ ಎಲ್ಲವನ್ನೂ ಒಣ ಬಟ್ಟೆಯಿಂದ ಒರೆಸಿ. ನಟ್ಟಿನ ಮೂಲೆಗಳಲ್ಲಿ, ಪೈಪಿನ ಮೇಲಿನ ಸ್ಟೀಲ್ ಹೆಣಿಗೆಯೊಳಗೆ ನಿಂತ ನೀರನ್ನೂ ಬಿಡಬೇಡಿ. ಈಗ ಟಿಶ್ಯೂ ಕಾಗದದ ಸಣ್ಣ ಪಟ್ಟಿಗಳನ್ನು ಹರಿದು ಒಂದೊಂದು ಜಾಗಕ್ಕೆ ಸುತ್ತಿ: ನಲ್ಲಿಗೆ ಸೇರುವ ಮೇಲಿನ ನಟ್ಟು, ನಟ್ಟಿನ ಪಕ್ಕ ಪೈಪನ್ನು ಒತ್ತಿ ಹಿಡಿದಿರುವ ಲೋಹದ ಕೊರಳು, ಆಂಗಲ್ ಕಾಕಿಗೆ (ಗೋಡೆಯಲ್ಲಿದ್ದು ಪೈಪಿಗೆ ನೀರು ಬಿಡುವ ಸಣ್ಣ ವಾಲ್ವ್) ಸೇರುವ ಕೆಳಗಿನ ನಟ್ಟು, ಕಾಕಿನ ಹಿಡಿಯ ಬುಡ, ಕಾಕ್ ಗೋಡೆಯೊಳಗೆ ಹೋಗುವ ಜಾಗ. ನಲ್ಲಿ ಮುಚ್ಚಿಟ್ಟು ಹತ್ತು ನಿಮಿಷ ಬಿಡಿ. ಮೊದಲು ಕಲೆ ಬಿದ್ದ ಕಾಗದವೇ ಉತ್ತರ. ಕಣ್ಣಿಗೆ ಕಾಣದ ಒಸರು ಕೂಡ ಟಿಶ್ಯೂವಿನ ಮೇಲೆ ಬೂದು ಚುಕ್ಕೆಯಾಗಿ ಎದ್ದು ಕಾಣುತ್ತದೆ.

ಕಾಗದಗಳೆಲ್ಲ ಒಣಗಿಯೇ ಇದ್ದರೆ ಈಗ ನಲ್ಲಿ ಬಿಡಿ. ನೀರು ಹರಿಯುವಾಗ ಮಾತ್ರ ಮೇಲಿನಿಂದ ಇಳಿಯುತ್ತಿದ್ದರೆ ದೋಷ ನಲ್ಲಿಯ ಕೊಕ್ಕಿನ ಬುಡದಲ್ಲೋ ಒಳಗಿನ ಭಾಗದಲ್ಲೋ ಇದೆ, ಕನೆಕ್ಷನ್ ಪೈಪಿನಲ್ಲಿಲ್ಲ. ಸಿಂಕಿನಲ್ಲಿ ನೀರು ತುಂಬಿಸಿ ಒಮ್ಮೆಗೇ ಬಿಟ್ಟಾಗ ಮಾತ್ರ ಸೋರಿದರೆ ಅದು ವೇಸ್ಟ್ ಪೈಪಿನ ಕಥೆ. ಪೈಪಿನ ಮೈಯೆಲ್ಲ ಒಂದೇ ಸಮ ಬೆವರಿದಂತೆ ಹನಿಗಟ್ಟಿದ್ದರೆ ಅದು ಸೋರಿಕೆಯೇ ಅಲ್ಲ. ತಣ್ಣೀರಿನ ಪೈಪಿನ ಮೇಲೆ ಗಾಳಿಯ ತೇವ ಕೂತಿದೆ ಅಷ್ಟೆ.

ಬೇಕಾಗುವ ಸಾಮಾನು

10 ಇಂಚಿನ ಎರಡು ಅಡ್ಜಸ್ಟಬಲ್ ಸ್ಪ್ಯಾನರ್ ಬೇಕು, ಒಂದಲ್ಲ ಎರಡು. ಅರ್ಧ ಇಂಚಿನ ಕನೆಕ್ಷನ್ ಪೈಪಿನ ನಟ್ಟು ಸಾಮಾನ್ಯವಾಗಿ 24 ಮಿ.ಮೀ. ಆಸುಪಾಸಿನದು. ಸಿಂಕಿನ ಹಿಂಭಾಗದ ಇಕ್ಕಟ್ಟಿನಲ್ಲಿ ಮೇಲಿನ ನಟ್ಟಿಗೆ ಸ್ಪ್ಯಾನರ್ ಹೋಗದಿದ್ದರೆ ಉದ್ದ ಕಾಲಿನ ಬೇಸಿನ್ ರೆಂಚ್ ಬೇಕಾಗುತ್ತದೆ. ಇವಲ್ಲದೆ ಟಾರ್ಚ್, ಬಕೆಟ್, ಒಣ ಬಟ್ಟೆ, ಹಳೆಯ ಟೂತ್‌ಬ್ರಷ್, ಸ್ವಲ್ಪ ವಿನೆಗರ್, ಹೊಸ ವಾಷರ್‌ಗಳು.

ವಾಷರ್ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಅರ್ಧ ಇಂಚಿನ ನಟ್ಟಿಗೆ ಹೋಗುವ ಚಪ್ಪಟೆ ವಾಷರ್ ಹೊರವ್ಯಾಸದಲ್ಲಿ ಸುಮಾರು 18ರಿಂದ 19 ಮಿ.ಮೀ., ದಪ್ಪದಲ್ಲಿ 2ರಿಂದ 3 ಮಿ.ಮೀ. ಇರುತ್ತದೆ. ಅರ್ಧ ಇಂಚು ಎಂಬುದು ಹೆಸರು ಮಾತ್ರ. ಅಳೆದು ನೋಡಿದರೆ ಆ ನಟ್ಟು ಏರುವ ಥ್ರೆಡ್ಡಿನ (ತಿರುಪಿನ ಗೆರೆಗಳ) ಹೊರವ್ಯಾಸ 21 ಮಿ.ಮೀ. ಬರುತ್ತದೆ. ಸ್ಕೇಲಿನಲ್ಲಿ ಅಳೆದು ಮುಕ್ಕಾಲು ಇಂಚು ಎಂದುಕೊಂಡು ತಪ್ಪು ಸಾಮಾನು ತರುವವರು ಬಹಳ. ನಿಜವಾದ ಮುಕ್ಕಾಲು ಇಂಚಿನ ಥ್ರೆಡ್ 26 ಮಿ.ಮೀ. ದಾಟಿರುತ್ತದೆ. ರಬ್ಬರಿನಲ್ಲಿ ಆಯ್ಕೆ ಇದ್ದರೆ ಇಪಿಡಿಎಂ ವಾಷರ್ ಕೇಳಿ, ಬಿಸಿನೀರಿಗೂ ಕ್ಲೋರಿನ್‌ಗೂ ಅದು ಹೆಚ್ಚು ಕಾಲ ತಡೆಯುತ್ತದೆ.

ನೀರು ನಿಲ್ಲಿಸುವುದು

ಆಂಗಲ್ ಕಾಕಿನ ಹಿಡಿಯನ್ನು ಬಲಕ್ಕೆ ತಿರುಗಿಸಿ ಮುಚ್ಚಿ. ವರ್ಷಗಟ್ಟಲೆ ಮುಟ್ಟದ ಕಾಕ್ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಆಗ ಪ್ಲೈಯರ್ ಹಾಕಿ ಒಮ್ಮೆಗೇ ತಿರುಚಬೇಡಿ, ಒಳಗಿನ ಸ್ಪಿಂಡಲ್ ಮುರಿದರೆ ಕೆಲಸ ಹತ್ತು ಪಟ್ಟು ಬೆಳೆಯುತ್ತದೆ. ಕೈಯಲ್ಲೇ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಆಡಿಸುತ್ತಾ ಸಡಿಲ ಮಾಡಿ. ಆಗಲೂ ಬಗ್ಗದಿದ್ದರೆ, ಅಥವಾ ಮುಚ್ಚಿದ ಮೇಲೂ ನಲ್ಲಿಯಲ್ಲಿ ಸಣ್ಣ ಧಾರೆ ಬರುತ್ತಿದ್ದರೆ ಮೇನ್ ವಾಲ್ವ್ ಮುಚ್ಚಿ. ಓವರ್‌ಹೆಡ್ ಟ್ಯಾಂಕ್ ಇರುವ ಮನೆಯಲ್ಲಿ ಟ್ಯಾಂಕಿನಿಂದ ಇಳಿಯುವ ಪೈಪಿನ ಗೇಟ್ ವಾಲ್ವ್ ಮುಚ್ಚಬೇಕು.

ಬಿಸಿನೀರಿನ ಕಡೆ ಕೆಲಸವಿದ್ದರೆ ಗೀಸರ್ ಆಫ್ ಮಾಡಿ, ನಲ್ಲಿಯಲ್ಲಿ ಬರುವ ನೀರು ತಣ್ಣಗಾಗುವವರೆಗೆ ಹರಿಯಬಿಟ್ಟು ಆಮೇಲೆ ಕಾಕ್ ಮುಚ್ಚಿ.

ಬಿಸಿನೀರು, ತಣ್ಣೀರು ಎರಡೂ ಸೇರಿ ಬರುವ ಮಿಕ್ಸರ್ ನಲ್ಲಿಯಾಗಿದ್ದರೆ ಎರಡೂ ಕಾಕ್ ಮುಚ್ಚಲೇಬೇಕು. ತಣ್ಣೀರಿನ ಕಡೆಯೊಂದನ್ನೇ ಮುಚ್ಚಿ ಪೈಪ್ ಬಿಚ್ಚಿದರೆ, ಲಿವರ್ ನಡುವೆ ತೆರೆದಿರುವಾಗ ಬಿಸಿನೀರು ಮಿಕ್ಸರಿನ ಒಳಗಿಂದಲೇ ಈಚೆಗೆ ದಾಟಿ ಬಿಚ್ಚಿದ ಪೈಪಿನ ಬಾಯಿಂದ ಸುರಿಯುತ್ತದೆ. ಕೆಳಗೆ ಮಲಗಿ ಕೆಲಸ ಮಾಡುವವರ ಮುಖ ಅಲ್ಲೇ ಇರುತ್ತದೆ.

ಎರಡೂ ಮುಚ್ಚಿದ ಮೇಲೆ ನಲ್ಲಿ ತೆರೆದು ಒಳಗಿನ ಒತ್ತಡ ಇಳಿಸಿ, ಹಾಗೇ ತೆರೆದಿಡಿ.

ಬಿಚ್ಚುವುದು, ವಾಷರ್ ಓದುವುದು

ಜಾಯಿಂಟಿನ ಕೆಳಗೆ ಬಕೆಟ್ ಇಡಿ. ಪೈಪಿನೊಳಗೆ ಉಳಿದ ಸ್ವಲ್ಪ ನೀರು ಬಂದೇ ಬರುತ್ತದೆ. ಒಂದು ಸ್ಪ್ಯಾನರಿನಿಂದ ಆಂಗಲ್ ಕಾಕಿನ ಮೈಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ಟು ತಿರುಗಿಸಿ. ಎರಡು ಸ್ಪ್ಯಾನರ್ ಕೇಳಿದ್ದು ಇದಕ್ಕೇ. ಒಂದೇ ಸ್ಪ್ಯಾನರಿನಲ್ಲಿ ಎಳೆದರೆ ಕಾಕ್ ಗೋಡೆಯೊಳಗೆ ತಿರುಗುತ್ತದೆ, ಅಲ್ಲಿನ ಟೇಪಿನ ಸೀಲ್ ಹರಿಯುತ್ತದೆ. ಗೋಡೆಯೊಳಗಿನ ಎಲ್ಬೋ ಪ್ಲಾಸ್ಟಿಕ್ಕಿನದಾದರೆ ಅದೇ ಸೀಳಬಹುದು, ಆಗ ಟೈಲ್ಸ್ ಒಡೆಯದೆ ದಾರಿಯಿಲ್ಲ.

ಯಾವ ಕಡೆ ತಿರುಗಿಸಬೇಕು ಎಂಬುದು ಸಿಂಕಿನ ಕೆಳಗೆ ಮಲಗಿದಾಗ ಗೊಂದಲವಾಗುತ್ತದೆ. ಪೈಪಿನ ಕಡೆಯಿಂದ ಜಾಯಿಂಟಿನತ್ತ ನೋಡುತ್ತಿದ್ದೇನೆ ಎಂದು ಊಹಿಸಿಕೊಳ್ಳಿ. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿದರೆ ಸಡಿಲ. ಮೇಲಿನ ನಟ್ಟನ್ನು ಕೆಳಗಿನಿಂದ ನೋಡಬೇಕು, ಕೆಳಗಿನ ನಟ್ಟನ್ನು ಮೇಲಿನಿಂದ.

ನಟ್ಟು ಈಚೆಗೆ ಬಂದ ಮೇಲೆ ವಾಷರನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಏನು ಕೆಟ್ಟಿತ್ತು ಎಂದು ಅದೇ ಹೇಳುತ್ತದೆ. ಎದುರಿನ ಲೋಹದ ಅಂಚು ರಬ್ಬರಿನ ಮೇಲೆ ಬಳೆಯಂತೆ ಒಂದು ಗುರುತು ಒತ್ತಿರುತ್ತದೆ. ಬಳೆ ಸುತ್ತಲೂ ಒಂದೇ ಆಳಕ್ಕಿದ್ದರೆ ನಟ್ಟು ನೇರವಾಗಿ ಕೂತಿತ್ತು. ಒಂದು ಬದಿ ಆಳ, ಎದುರು ಬದಿ ಅಚ್ಚೇ ಇಲ್ಲ ಎಂದರೆ ಪೈಪ್ ಓರೆಯಾಗಿ ಎಳೆದುಕೊಂಡಿತ್ತು, ಅಥವಾ ನಟ್ಟು ಥ್ರೆಡ್ ತಪ್ಪಿ ಏರಿತ್ತು. ಅಂಥಲ್ಲಿ ವಾಷರ್ ಬದಲಿಸಿದರೂ ಓರೆ ಸರಿಪಡಿಸದಿದ್ದರೆ ಸೋರಿಕೆ ಮರಳುತ್ತದೆ. ರಬ್ಬರ್ ಹಿಂಡಿ ಒಳತೂತಿನ ಕಡೆಗೆ ಉಬ್ಬಿ ಬಂದಿದ್ದರೆ ಹಿಂದೆ ಯಾರೋ ಅತಿಯಾಗಿ ಬಿಗಿದಿದ್ದಾರೆ. ಬೆರಳಿಗೆ ಮಸಿಯಂತೆ ಕಪ್ಪು ಹತ್ತಿದರೆ ರಬ್ಬರ್ ಸವೆದು ಕರಗುತ್ತಿದೆ. ಉಗುರು ಊರಿದರೆ ಗುರುತೇ ಬೀಳದಷ್ಟು ಗಟ್ಟಿಯಾಗಿದ್ದರೆ ವಯಸ್ಸಾಗಿದೆ. ಬಿಸಿನೀರಿನ ಕಡೆಯ ವಾಷರ್‌ಗಳು ಹೀಗಾಗುವುದು ಬೇಗ.

ಹಳೆಯ ವಾಷರನ್ನು ತಿರುವಿ ಹಾಕಿ ಮತ್ತೆ ಬಳಸಬೇಡಿ. ಅಚ್ಚು ಬಿದ್ದ ರಬ್ಬರ್ ಇನ್ನೊಂದು ಅಂಚಿಗೆ ಒಗ್ಗುವುದಿಲ್ಲ. ಹಳೆಯದರ ಮೇಲೆ ಹೊಸದೊಂದನ್ನು ಸೇರಿಸಿ ಎರಡು ಹಾಕುವುದೂ ಬೇಡ. ಬಿಗಿಯುವಾಗ ಒಂದರ ಮೇಲೊಂದು ಜಾರಿ ಎರಡೂ ಓರೆಯಾಗುತ್ತವೆ, ನಟ್ಟಿಗೆ ಹಿಡಿಯಲು ಸಿಗುವ ಥ್ರೆಡ್ಡೂ ಕಡಿಮೆಯಾಗುತ್ತದೆ.

ಇನ್ನು ವಾಷರ್ ಕೂರುವ ಎದುರಿನ ಅಂಚು. ಕಾಕಿನ ಬಾಯಿಯ ಸುತ್ತ ಬೆರಳಾಡಿಸಿ. ಬಿಳಿ ಸುಣ್ಣದ ಪದರ ಕಟ್ಟಿದ್ದರೆ, ಹಳೆಯ ರಬ್ಬರಿನ ಚೂರು ಅಂಟಿಕೊಂಡಿದ್ದರೆ ಹೊಸ ವಾಷರೂ ಅಲ್ಲಿ ಸೋಲುತ್ತದೆ. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಹದಿನೈದು ನಿಮಿಷ ಸುತ್ತಿಟ್ಟು, ಟೂತ್‌ಬ್ರಷ್‌ನಿಂದ ಉಜ್ಜಿ, ನೀರಿನಿಂದ ಒರೆಸಿ. ಚಾಕು, ಉಪ್ಪುಕಾಗದ ಬಳಸಬೇಡಿ. ಅಂಚಿಗೆ ಅಡ್ಡಲಾಗಿ ಬಿದ್ದ ಒಂದು ಗೀರು ನೀರಿಗೆ ಕಾಲುವೆಯಾಗುತ್ತದೆ.

ಪೈಪನ್ನೇ ಬದಲಿಸಬೇಕಾದಾಗ

ಟಿಶ್ಯೂ ಒದ್ದೆಯಾದದ್ದು ನಟ್ಟಿನಲ್ಲಲ್ಲ, ಪಕ್ಕದ ಲೋಹದ ಕೊರಳಿನಲ್ಲಿ ಎಂದಾದರೆ ರಿಪೇರಿ ಎಂಬುದಿಲ್ಲ. ಒಳಗಿನ ರಬ್ಬರ್ ಕೊಳವೆ ಅಲ್ಲಿ ಸೀಳಿದೆ. ಟೇಪ್ ಸುತ್ತಿ, ಎಪಾಕ್ಸಿ ಮೆತ್ತಿ ಕಾಯಬೇಡಿ. ಸ್ಟೀಲ್ ಹೆಣಿಗೆಯ ಎಳೆಗಳು ಕಿತ್ತು ಮುಳ್ಳಿನಂತೆ ನಿಂತಿದ್ದರೆ, ಕಂದು ತುಕ್ಕು ಕಂಡರೆ, ಪೈಪ್ ಒಂದು ಕಡೆ ಉಬ್ಬಿದ್ದರೆ, ಪ್ಲಾಸ್ಟಿಕ್ ನಟ್ಟಿನಲ್ಲಿ ಕೂದಲೆಳೆಯಂಥ ಗೆರೆ ಇದ್ದರೆ ಕೂಡ ಬದಲಿಸಿ. ನೀರಿನ ಒತ್ತಡವನ್ನು ಹೊರುವುದು ಆ ಹೆಣಿಗೆ. ಅದು ಹೋದ ಮೇಲೆ ಒಳಗಿನ ರಬ್ಬರ್ ಬಲೂನಿನಂತಾಗುತ್ತದೆ. ಹತ್ತು ವರ್ಷ ದಾಟಿದ ಪೈಪನ್ನು ಸೋರದಿದ್ದರೂ ಬದಲಿಸುವುದು ಲೇಸು. ಒಂದು ಕಡೆ ಹೋಗಿದ್ದರೆ ಜೋಡಿಯ ಇನ್ನೊಂದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ, ಎರಡನ್ನೂ ಒಟ್ಟಿಗೆ ತೆಗೆಯಿರಿ.

ತುಕ್ಕಿಗೆ ಒಂದು ಕಾರಣ ಕಪಾಟಿನಲ್ಲೇ ಇರುತ್ತದೆ. ಬ್ಲೀಚ್, ಟಾಯ್ಲೆಟ್ ಕ್ಲೀನರ್ ಬಾಟಲಿಗಳಿಂದ ಏಳುವ ಕ್ಲೋರಿನ್ ಮತ್ತು ಆಸಿಡ್ ಹೊಗೆ ಮುಚ್ಚಿದ ಕಪಾಟಿನಲ್ಲಿ ನಿಂತು ಸ್ಟೇನ್‌ಲೆಸ್ ಸ್ಟೀಲ್ ಎಳೆಗಳನ್ನೂ ತಿನ್ನುತ್ತದೆ.

ಉದ್ದ ಆರಿಸುವಾಗ ಎರಡು ಬಾಯಿಗಳ ನಡುವಿನ ದೂರವನ್ನು ದಾರದಿಂದ ಅಳೆಯಿರಿ. ಪೈಪ್ 30, 45, 60 ಸೆಂ.ಮೀ. ಹೀಗೆ ಸಿಗುತ್ತದೆ. ದೂರ 40 ಸೆಂ.ಮೀ. ಇದ್ದರೆ 45ರದ್ದು ಸರಿ, ಕಾಕ್ ಪಕ್ಕಕ್ಕಿದ್ದು ಪೈಪ್ ತಿರುವು ತೆಗೆದುಕೊಳ್ಳಬೇಕಾದರೆ 60. ಬಿಲ್ಲಿನಂತೆ ಬಾಗಬೇಕು, ಮಡಚಬಾರದು, ಸೆಟೆದು ನಿಲ್ಲಲೂಬಾರದು. ನಟ್ಟಿನ ಬುಡದಲ್ಲೇ ತಕ್ಷಣ ಬಾಗಿಸಿದರೆ ಕೊರಳು ಸೀಳುತ್ತದೆ, ಮೊದಲ 4-5 ಸೆಂ.ಮೀ. ನೇರವಾಗಿರಲಿ. ಬಿಸಿನೀರಿನ ಕಡೆಗೆ ಸಾದಾ ಪಿವಿಸಿ ಪೈಪ್ ಹಾಕಬೇಡಿ.

ಮರಳಿ ಜೋಡಿಸುವುದು

1. ವಾಷರನ್ನು ನಟ್ಟಿನ ತಳಕ್ಕೆ ಬೆರಳಿನಿಂದ ಒತ್ತಿ, ಸುತ್ತಲೂ ಸಮವಾಗಿ ಕೂತಿದೆಯೇ ನೋಡಿ. ತಲೆಕೆಳಗಾಗಿ ಹಿಡಿಯಬೇಕಾದಲ್ಲಿ ಜಾರಿ ಬೀಳದಂತೆ ನೀರಿನ ಒಂದು ಹನಿ ಹಚ್ಚಿದರೆ ಅಂಟಿಕೊಂಡಿರುತ್ತದೆ. ಗ್ರೀಸ್, ಎಣ್ಣೆ ಬೇಡ.

2. ಮೊದಲು ಮೇಲಿನ ತುದಿ, ಆಮೇಲೆ ಕೆಳಗಿನದು. ನಟ್ಟನ್ನು ಥ್ರೆಡ್ಡಿನ ಮೇಲಿಟ್ಟು ಮೊದಲು ಹಿಂದಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ನಿಧಾನ ತಿರುಗಿಸಿ. ಒಂದು ಕಡೆ ‘ಟಕ್’ ಎಂದು ಸಣ್ಣಗೆ ಇಳಿದಂತಾಗುತ್ತದೆ. ಥ್ರೆಡ್ಡಿನ ಬಾಯಿ ಅಲ್ಲಿದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ.

3. ಬೆರಳಿನಲ್ಲೇ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು. ಒಂದು ಸುತ್ತಿಗೇ ಬಿಗಿಯಾದರೆ ಥ್ರೆಡ್ ತಪ್ಪಿದೆ. ಸ್ಪ್ಯಾನರಿನಿಂದ ಒತ್ತಾಯ ಮಾಡಿದರೆ ಹಿತ್ತಾಳೆಯ ಥ್ರೆಡ್ ಕತ್ತರಿಸಿ ಹೋಗುತ್ತದೆ. ಬಿಚ್ಚಿ ಮತ್ತೆ ಶುರು ಮಾಡಿ.

4. ಕೈಯಲ್ಲಿ ಬಿಗಿಯಾದ ಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು. ಪ್ಲಾಸ್ಟಿಕ್ ನಟ್ಟಾದರೆ ಕೈಬಿಗಿಯೇ ಸಾಕು.

5. ಬಿಗಿಯುವಾಗ ಇನ್ನೊಂದು ಕೈ ಪೈಪನ್ನು ಹಿಡಿದಿರಲಿ. ನಟ್ಟಿನ ಜೊತೆ ಪೈಪೂ ತಿರುಚಿಕೊಂಡರೆ ಅದು ಬಿಚ್ಚಿಕೊಳ್ಳಲು ನೋಡುತ್ತಲೇ ಇರುತ್ತದೆ, ದಿನ ಕಳೆದಂತೆ ನಟ್ಟು ಸಡಿಲವಾಗುತ್ತದೆ.

ಕೆಲವು ಮಿಕ್ಸರ್‌ಗಳಲ್ಲಿ ಪೈಪಿನ ಮೇಲಿನ ತುದಿಗೆ ನಟ್ಟೇ ಇರುವುದಿಲ್ಲ, 10 ಮಿ.ಮೀ. ಥ್ರೆಡ್ಡಿನ ಸಣ್ಣ ಮೂತಿ ನೇರವಾಗಿ ನಲ್ಲಿಯ ತಳದ ತೂತಿಗೆ ತಿರುಗುತ್ತದೆ. ಅಲ್ಲಿ ಸೀಲ್ ಮಾಡುವುದು ಸಣ್ಣ ಒ-ರಿಂಗ್. ಕೈಯಲ್ಲಿ ಬಿಗಿ ಮಾಡಿದರೆ ಬಹುತೇಕ ಸಾಕು; ಜೋರು ಮಾಡಿದರೆ ರಿಂಗ್ ಕತ್ತರಿಸುತ್ತದೆ. ಜೋಡಿ ಪೈಪುಗಳಲ್ಲಿ ಒಂದರ ಮೂತಿ ಗಿಡ್ಡ, ಇನ್ನೊಂದರದ್ದು ಉದ್ದ ಇರುವುದು ಅಕ್ಕಪಕ್ಕದ ಎರಡನ್ನೂ ತಿರುಗಿಸಲು ಜಾಗ ಸಿಗಲೆಂದು. ಗಿಡ್ಡದ್ದನ್ನು ಮೊದಲು ಹಾಕಿ.

ಟೆಫ್ಲಾನ್ ಟೇಪ್ ಎಲ್ಲಿ, ಎಲ್ಲಿ ಬೇಡ

ಕನೆಕ್ಷನ್ ಪೈಪಿನ ನಟ್ಟಿಗೆ ಟೇಪ್ ಬೇಡ. ಅಲ್ಲಿ ಥ್ರೆಡ್ ನೀರು ತಡೆಯುವುದಿಲ್ಲವಾದ್ದರಿಂದ ಟೇಪಿಗೆ ಕೆಲಸವೇ ಇಲ್ಲ. ದಪ್ಪಗೆ ಸುತ್ತಿದರೆ ನಟ್ಟು ವಾಷರಿಗೆ ಮುಟ್ಟುವ ಮೊದಲೇ ಬಿಗಿಯಾದಂತೆ ಅನಿಸಿ ಮೋಸವಾಗುತ್ತದೆ. ಕಿತ್ತ ಟೇಪಿನ ಚೂರುಗಳು ನಲ್ಲಿಯ ಬಾಯಿಯ ಜಾಲರಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ.

ಟೇಪ್ ಬೇಕಾದ್ದು ಆಂಗಲ್ ಕಾಕ್ ಗೋಡೆಯ ಪೈಪಿಗೆ ಸೇರುವಲ್ಲಿ. ಅಲ್ಲಿ ವಾಷರಿಲ್ಲ. ಟಿಶ್ಯೂ ಅಲ್ಲಿ ಒದ್ದೆಯಾಗಿದ್ದರೆ ಮೇನ್ ವಾಲ್ವ್ ಮುಚ್ಚಿ ಕಾಕನ್ನೇ ಬಿಚ್ಚಬೇಕು. ಹಳೆಯ ಟೇಪನ್ನು ಪೂರ್ತಿ ಕಿತ್ತು, ಥ್ರೆಡ್ಡಿನ ಬಾಯಿ ನಿಮ್ಮ ಕಡೆ ಇರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಎಳೆದು ಸುತ್ತಿ. ಮೊದಲ ಥ್ರೆಡ್ ಖಾಲಿ ಬಿಡಿ. ಸಾಮಾನ್ಯ ತೆಳು ಟೇಪಾದರೆ 8ರಿಂದ 10 ಸುತ್ತು. ವಿರುದ್ಧ ದಿಕ್ಕಿಗೆ ಸುತ್ತಿದರೆ ಕಾಕ್ ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು ಹೊರಗೆ ಗುಪ್ಪೆಯಾಗುತ್ತದೆ. ಕಾಕಿನ ಬಾಯಿ ನೇರಕ್ಕೆ ಬರಬೇಕೆಂದು ಒಮ್ಮೆ ಬಿಗಿದದ್ದನ್ನು ಹಿಂದಕ್ಕೆ ತಿರುಗಿಸಬೇಡಿ, ಸೀಲ್ ಹೋಗುತ್ತದೆ. ನೇರ ದಾಟಿದರೆ ಬಿಚ್ಚಿ ಹೊಸ ಟೇಪ್ ಸುತ್ತಿ. ಗೋಡೆಯೊಳಗಿನ ಪೈಪ್ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಆಗಿದ್ದು ತುಕ್ಕು ತಿಂದಿದ್ದರೆ ಪ್ಲಂಬರನ್ನು ಕರೆಸಿ, ಥ್ರೆಡ್ ಗೋಡೆಯೊಳಗೇ ಮುರಿದು ಉಳಿಯುವ ಸಂಭವ ಹೆಚ್ಚು.

ಕಾಕಿನ ಹಿಡಿಯ ಬುಡದಲ್ಲಿ ಒಸರುತ್ತಿದ್ದರೆ, ಹಳೆಯ ಮಾದರಿಯಾದರೆ ಹಿಡಿಯ ಕೆಳಗಿನ ಸಣ್ಣ ಗ್ಲ್ಯಾಂಡ್ ನಟ್ಟನ್ನು ಎಂಟನೇ ಒಂದು ಸುತ್ತು ಬಿಗಿದು ನೋಡಿ. ಕಾಲು ಸುತ್ತಿನಲ್ಲೇ ತೆರೆದು ಮುಚ್ಚುವ ಹೊಸ ಮಾದರಿಯಾದರೆ ಒಳಗಿನ ಸ್ಪಿಂಡಲ್ ಅಥವಾ ಕಾಕನ್ನೇ ಬದಲಿಸಬೇಕು.

ನೀರು ಬಿಟ್ಟು ಪರೀಕ್ಷಿಸುವುದು

ನಲ್ಲಿಯ ಬಾಯಿಯ ಜಾಲರಿ ತಿರುಗಿಸಿ ತೆಗೆದಿಡಿ. ನಲ್ಲಿ ತೆರೆದೇ ಇರಲಿ. ಆಂಗಲ್ ಕಾಕನ್ನು ನಿಧಾನ ತೆರೆಯಿರಿ. ಗಾಳಿ ಬುಸುಗುಟ್ಟಿ ಹೊರಬಂದು, ಕದಡಿದ ಕಸ ಹರಿದು ಹೋಗಲಿ. ಧಾರೆ ತಿಳಿಯಾದ ಮೇಲೆ ಜಾಲರಿ ಹಾಕಿ, ನಲ್ಲಿ ಮುಚ್ಚಿ.

ಪರೀಕ್ಷೆ ಶುರುವಾಗುವುದು ನಲ್ಲಿ ಮುಚ್ಚಿದ ಮೇಲೆ. ನೀರು ಹರಿಯುತ್ತಿರುವಾಗ ಪೈಪಿನೊಳಗೆ ಒತ್ತಡ ಕಡಿಮೆ ಇರುತ್ತದೆ, ಮುಚ್ಚಿದಾಗ ಪೂರ್ತಿ ಒತ್ತಡ ಜಾಯಿಂಟುಗಳ ಮೇಲೆ ಬೀಳುತ್ತದೆ. ನಲ್ಲಿ ಬಿಟ್ಟುಕೊಂಡು ಕೆಳಗೆ ಬಗ್ಗಿ ನೋಡಿ, ಒಣಗಿದೆ ಎಂದು ಎದ್ದು ಹೋದರೆ ರಾತ್ರಿ ಸೋರುವುದು ತಿಳಿಯುವುದಿಲ್ಲ. ಹೊಸ ಟಿಶ್ಯೂ ಪಟ್ಟಿ ಸುತ್ತಿ, ಐದು ನಿಮಿಷದ ಮೇಲೆ ಒಮ್ಮೆ, ಅರ್ಧ ಗಂಟೆಯ ಮೇಲೆ ಇನ್ನೊಮ್ಮೆ ನೋಡಿ. ಚುಕ್ಕೆ ಕಂಡರೆ ಎಂಟನೇ ಒಂದು ಸುತ್ತು ಬಿಗಿಯಿರಿ. ಎರಡು ಸಲ ಬಿಗಿದರೂ ನಿಲ್ಲದಿದ್ದರೆ ಮೂರನೇ ಸಲ ಬೇಡ, ಬಿಚ್ಚಿ ವಾಷರ್ ನೋಡಿ. ಬಹುಪಾಲು ಅದು ಓರೆಯಾಗಿ ಕೂತಿರುತ್ತದೆ.

ಬಿಸಿನೀರಿನ ಕಡೆಯ ಜಾಯಿಂಟನ್ನು ಇನ್ನೊಮ್ಮೆ ನೋಡಬೇಕು: ಐದು ನಿಮಿಷ ಬಿಸಿನೀರು ಹರಿಸಿ, ಪೂರ್ತಿ ತಣ್ಣಗಾದ ಮೇಲೆ. ಬಿಸಿಗೆ ಹಿಗ್ಗಿದ್ದು ಕುಗ್ಗುವಾಗ ಒಸರುವ ಜಾಯಿಂಟುಗಳಿವೆ.

ಕೊನೆಗೆ ಕಪಾಟಿನ ತಳಕ್ಕೆ ಒಣ ದಿನಪತ್ರಿಕೆ ಹಾಸಿ ರಾತ್ರಿ ಬಿಡಿ. ಬೆಳಗ್ಗೆ ಅದು ಒಣಗಿಯೇ ಇದ್ದರೆ ಸಾಮಾನುಗಳನ್ನು ಮರಳಿ ಜೋಡಿಸಿ, ಬ್ಲೀಚ್ ಬಾಟಲಿಯನ್ನು ಮಾತ್ರ ಬೇರೆ ಕಡೆ ಇಡಿ.